ಅಂಚು ಕೆಡದ ಶುಗರ್ ಕುಕ್ಕಿ: ಹಿಟ್ಟಿನಿಂದ ಐಸಿಂಗ್‌ವರೆಗೆ

ನಾನು ಮೊದಲ ಸಲ ಶುಗರ್ ಕುಕ್ಕಿ ಮಾಡಿದಾಗ ಓವನ್‌ಗೆ ಹೋದದ್ದು 24 ನಕ್ಷತ್ರ, ಹೊರಗೆ ಬಂದದ್ದು 24 ಮೋಡ. ಮೂಲೆಗಳೆಲ್ಲ ಕರಗಿ, ಒಂದರ ತೋಳು ಇನ್ನೊಂದಕ್ಕೆ ಅಂಟಿ, ಟ್ರೇ ತುಂಬ ಹರಡಿಕೊಂಡು ಕೂತಿದ್ದವು. ರುಚಿಗೆ ಮೋಸವಿರಲಿಲ್ಲ, ತಿಂದು ಮುಗಿಸಿದೆವು. ಅಲಂಕಾರಕ್ಕೆಂದು ಕಲಸಿಟ್ಟ ಮೂರು ಬಣ್ಣದ ಐಸಿಂಗ್ ಮಾತ್ರ ಬಟ್ಟಲಲ್ಲೇ ಗಟ್ಟಿಯಾಯಿತು.

ಅಳತೆಯಲ್ಲಿ ತಪ್ಪಿರಲಿಲ್ಲ. ಬೆಣ್ಣೆ ಬೆಚ್ಚಗಾಗಿತ್ತು, ಅಷ್ಟೇ. ಆಮೇಲೆ ಎಷ್ಟೋ ಸಲ ಮಾಡಿ, ಕೆಡಿಸಿ, ಮತ್ತೆ ಮಾಡಿದ ಮೇಲೆ ನನಗೆ ಖಾತ್ರಿಯಾಗಿರುವುದು ಇಷ್ಟು: ಈ ಕುಕ್ಕಿ ಮಾಡಲು ಚಿತ್ರ ಬರೆಯುವ ಕೈ ಬೇಕಿಲ್ಲ, ಎರಡು ಹದ ಗೊತ್ತಿರಬೇಕು. ಹಿಟ್ಟು ಓವನ್ ಒಳಗೆ ಹೋಗುವಾಗಿನ ತಂಪು ಒಂದು, ಐಸಿಂಗ್‌ಗೆ ಬೀಳುವ ನೀರು ಇನ್ನೊಂದು. ಹಾಗಾಗಿ ಆ ಎರಡು ಕಡೆ ನಿಂತು ಬರೆದಿದ್ದೇನೆ, ಉಳಿದ ಕಡೆ ಬೇಗ ದಾಟಿದ್ದೇನೆ.

ಶುರು ಮಾಡುವ ಮುಂಚೆ ಒಂದು ಮಾತು. ಬೆಳಿಗ್ಗೆ ಹಿಟ್ಟು ಕಲಸಿ ಸಂಜೆಗೆ ಅಲಂಕರಿಸಿದ ಕುಕ್ಕಿಗಳನ್ನು ಡಬ್ಬಿಗೆ ತುಂಬಿ ಕೊಡುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಮೊದಲ ದಿನ ಕಲಸಿ ಬೇಯಿಸುವುದು, ಎರಡನೆಯ ದಿನ ಐಸಿಂಗ್, ಆ ರಾತ್ರಿಯಿಡೀ ಒಣಗಲು ಬಿಡುವುದು. ಮೂರನೆಯ ದಿನ ಬೆಳಿಗ್ಗೆ ಕೈಗೆ ಸಿಗುತ್ತದೆ.

ಸಾಮಗ್ರಿ

ಉಪ್ಪಿಲ್ಲದ ಬೆಣ್ಣೆ 225 ಗ್ರಾಂ
ಸಣ್ಣ ಹರಳಿನ ಸಕ್ಕರೆ 200 ಗ್ರಾಂ
ಮೊಟ್ಟೆ 1
ವೆನಿಲಾ ಎಸೆನ್ಸ್ 2 ಟೀ ಚಮಚ
ಮೈದಾ 375 ಗ್ರಾಂ
ಉಪ್ಪು ಅರ್ಧ ಟೀ ಚಮಚ

7 ಸೆಂ.ಮೀ. ಅಗಲದ ಅಚ್ಚಿನಲ್ಲಿ ಕತ್ತರಿಸಿದರೆ ಸುಮಾರು 30 ಕುಕ್ಕಿ ಆಗುತ್ತವೆ. ಮೊಟ್ಟೆ ಬೇಡದವರು ಅದರ ಬದಲು 3 ದೊಡ್ಡ ಚಮಚ ಹಾಲು ಹಾಕಬಹುದು. ಕುಕ್ಕಿ ಸ್ವಲ್ಪ ಹೆಚ್ಚು ಪುಡಿಯಾಗುತ್ತದೆ, ಆಕಾರಕ್ಕೇನೂ ತೊಂದರೆಯಿಲ್ಲ.

ಮೈದಾವನ್ನು ದಯವಿಟ್ಟು ತೂಗಿ ಹಾಕಿ. ಚಮಚದಿಂದ ಸಡಿಲವಾಗಿ ತುಂಬಿದ ಒಂದು ಕಪ್‌ನಲ್ಲಿ 120 ಗ್ರಾಂ ಇದ್ದರೆ, ಡಬ್ಬಿಯೊಳಗೆ ಕಪ್ ಅದ್ದಿ ಒತ್ತಿ ತೆಗೆದಾಗ 150 ಗ್ರಾಂ ಬರಬಹುದು. ಮೂರು ಕಪ್‌ಗೆ 90 ಗ್ರಾಂ ವ್ಯತ್ಯಾಸ. ಒಂದೇ ಪಾಕವಿಧಾನದಲ್ಲಿ ಒಬ್ಬರಿಗೆ ಕುಕ್ಕಿ ಹರಡಿ, ಇನ್ನೊಬ್ಬರಿಗೆ ಒಣಗಿ ಬಿರಿಯುವುದು ಹೀಗೆ.

ಪಟ್ಟಿಯಲ್ಲಿ ಬೇಕಿಂಗ್ ಪೌಡರ್ ಇಲ್ಲ, ಮರೆತದ್ದಲ್ಲ. ಅದು ಹಿಟ್ಟನ್ನು ಉಬ್ಬಿಸುತ್ತದೆ, ಉಬ್ಬಿದ್ದು ಅಕ್ಕಪಕ್ಕಕ್ಕೂ ಸರಿಯುತ್ತದೆ. ಬರೀ ತಿನ್ನುವ ಕುಕ್ಕಿಗೆ ಕಾಲು ಟೀ ಚಮಚ ಹಾಕಿಕೊಳ್ಳಿ, ಮೆದುವಾಗಿ ಚೆನ್ನಾಗಿರುತ್ತದೆ. ಅದರ ಮೇಲೆ ಚಿತ್ರ ಬರೆಯಬೇಕೆಂದರೆ ಬೇಡ.

ಹಿಟ್ಟು ಕಲಸುವುದು

ಬೆಣ್ಣೆ ಫ್ರಿಜ್‌ನಿಂದ ತೆಗೆದ ತಕ್ಷಣದ ಕಲ್ಲಿನಂತೆಯೂ ಇರಬಾರದು, ಹೊಳೆಯುವಷ್ಟು ಸಡಿಲವಾಗಿಯೂ ಇರಬಾರದು. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಬೆರಳು ಒಳಗೆ ಇಳಿದುಹೋಗಬಾರದು, ಮುಟ್ಟಿದರೆ ತಣ್ಣಗೇ ಅನ್ನಿಸಬೇಕು. 18ರಿಂದ 20 ಡಿಗ್ರಿ ಸೆಲ್ಸಿಯಸ್ ಎಂದರೆ ಇದೇ.

ಸಕ್ಕರೆ ಮತ್ತು ಉಪ್ಪಿನೊಂದಿಗೆ ಬೆಣ್ಣೆಯನ್ನು ಒಂದೆರಡು ನಿಮಿಷ ಮಾತ್ರ ಬೀಟ್ ಮಾಡಿ. ಕೇಕ್ ಮಾಡಿ ಅಭ್ಯಾಸವಿರುವವರ ಕೈ ಇಲ್ಲಿ ನಿಲ್ಲುವುದಿಲ್ಲ, ಬೆಣ್ಣೆ ಬೆಳ್ಳಗೆ ನೊರೆಯಾಗುವ ತನಕ ತಿರುಗಿಸುತ್ತಲೇ ಇರುತ್ತಾರೆ. ಕೇಕ್‌ಗೆ ಆ ಗಾಳಿ ಬೇಕು. ಕುಕ್ಕಿಯಲ್ಲಿ ಅದು ಓವನ್ ಬಿಸಿಗೆ ಹಿಗ್ಗಿ ಅಂಚನ್ನು ತಳ್ಳುತ್ತದೆ. ಎರಡೂ ಬೆರೆತು ದಪ್ಪ ಮುದ್ದೆಯಾದರೆ ಸಾಕು. ಈಗ ಮೊಟ್ಟೆ, ವೆನಿಲಾ. ಆಮೇಲೆ ಮೈದಾವನ್ನು ಎರಡು ಸಲವಾಗಿ ಹಾಕಿ ನಿಧಾನವಾಗಿ ಬೆರೆಸಿ. ಹಿಟ್ಟು ಪಾತ್ರೆಯ ಬದಿ ಬಿಟ್ಟು ಒಂದಾಗುತ್ತಿದ್ದಂತೆ ನಿಲ್ಲಿಸಿ. ಮೈದಾ ಬಿದ್ದ ಮೇಲೆ ಹೆಚ್ಚು ನಾದಿದಷ್ಟೂ ಹಿಟ್ಟಿಗೆ ಜಿಗಿ ಬರುತ್ತದೆ. ಅಂಥ ಹಿಟ್ಟಿನ ಕುಕ್ಕಿ ಬೇಯುವಾಗ ಮುದುಡಿ, ವೃತ್ತವೆಲ್ಲ ಮೊಟ್ಟೆಯಾಕಾರವಾಗುತ್ತದೆ.

ಹದ ನೋಡಲು ಬೆರಳಿಟ್ಟು ಒತ್ತಿ. ಗುರುತು ನಿಲ್ಲಬೇಕು, ಬೆರಳು ಸ್ವಚ್ಛವಾಗಿ ಹೊರಬರಬೇಕು. ಅಂಟಿದರೆ ಒಂದೊಂದೇ ಚಮಚ ಮೈದಾ ಸೇರಿಸಿ. ಉದುರುತ್ತಿದ್ದರೆ ನೀರು ಹಾಕಲು ಹೋಗಬೇಡಿ, ಅರ್ಧ ನಿಮಿಷ ಅಂಗೈಯಲ್ಲಿ ಒತ್ತಿ ನೋಡಿ. ಬಹುತೇಕ ಸಲ ಕೈಯ ಬಿಸಿಗೇ ಕೂಡಿಕೊಳ್ಳುತ್ತದೆ. ಹಸಿ ಹಿಟ್ಟನ್ನು ಚಪ್ಪರಿಸುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಹಸಿ ಮೊಟ್ಟೆಯಷ್ಟೇ ಅಲ್ಲ, ಬೇಯದ ಮೈದಾದಲ್ಲೂ ಹೊಟ್ಟೆ ಕೆಡಿಸುವ ಸೂಕ್ಷ್ಮಾಣುಗಳು ಇರಬಹುದು.

ಮೊದಲು ಲಟ್ಟಿಸಿ, ಆಮೇಲೆ ತಂಪು ಮಾಡಿ

ಹಿಟ್ಟನ್ನು ಉಂಡೆ ಮಾಡಿ ಫ್ರಿಜ್‌ನಲ್ಲಿಟ್ಟು, ಗಟ್ಟಿಯಾದ ಮೇಲೆ ಲಟ್ಟಿಸಿ ಎಂದು ಅನೇಕ ಪಾಕವಿಧಾನಗಳು ಹೇಳುತ್ತವೆ. ಇದು ನನಗೆ ಇವತ್ತಿಗೂ ಅರ್ಥವಾಗದ ಶಿಕ್ಷೆ. ಒಂದು ಗಂಟೆ ತಣ್ಣಗಾದ ಉಂಡೆ ಇಟ್ಟಿಗೆಯಂತಿರುತ್ತದೆ, ಲಟ್ಟಣಿಗೆ ಒತ್ತಿದರೆ ಅಂಚೆಲ್ಲ ಸೀಳುತ್ತದೆ, ಸೀಳದಷ್ಟು ಮೆತ್ತಗಾಗುವ ಹೊತ್ತಿಗೆ ತಂಪು ಹೋಗಿರುತ್ತದೆ. ಕಲಸಿದ ತಕ್ಷಣ, ಮೆದುವಾಗಿರುವಾಗಲೇ, ಹಿಟ್ಟನ್ನು ಎರಡು ಪಾಲು ಮಾಡಿ. ಒಂದೊಂದನ್ನೂ ಎರಡು ಬಟರ್ ಪೇಪರ್ ಹಾಳೆಗಳ ನಡುವೆ ಇಟ್ಟು ಲಟ್ಟಿಸಿ. ಒಣ ಮೈದಾ ಉದುರಿಸುವ ಅಗತ್ಯವೂ ಬೀಳುವುದಿಲ್ಲ.

ದಪ್ಪ 6 ಮಿ.ಮೀ. ಕಣ್ಣಳತೆ ನಂಬಬೇಡಿ. ಅಷ್ಟೇ ದಪ್ಪದ ಎರಡು ಮರದ ಪಟ್ಟಿಗಳನ್ನು ಹಿಟ್ಟಿನ ಎರಡೂ ಬದಿಗೆ ಇಟ್ಟು ಲಟ್ಟಣಿಗೆಯನ್ನು ಅವುಗಳ ಮೇಲೆ ಓಡಿಸಿದರೆ ಹಾಳೆಯಿಡೀ ಒಂದೇ ಸಮನಾಗುತ್ತದೆ. ತೆಳುವಾದ ಕಡೆ ಕಂದು, ದಪ್ಪವಾದ ಕಡೆ ಹಸಿ ಎಂಬ ತಾಪತ್ರಯ ಇರುವುದಿಲ್ಲ.

ಈ ಹಾಳೆಗಳನ್ನು ಟ್ರೇ ಸಮೇತ ಫ್ರಿಜ್‌ನಲ್ಲಿ ಒಂದು ಗಂಟೆ ಇಡಿ. ಗಟ್ಟಿಯಾದ ಹಾಳೆಯಿಂದ ಮೇಲಿನ ಕಾಗದ ಬಿಡಿಸಿ, ಅಚ್ಚನ್ನು ನೇರಕ್ಕೆ ಒತ್ತಿ, ನೇರಕ್ಕೆ ಎತ್ತಿ. ತಿರುಚಬೇಡಿ. ಉಳಿದ ಚೂರುಗಳನ್ನು ಕೂಡಿಸಿ ಇನ್ನೊಂದು ಸಲ ಲಟ್ಟಿಸಬಹುದು, ಮೂರನೆಯ ಸಲಕ್ಕೆ ಹಿಟ್ಟು ಬಿರುಸಾಗಿರುತ್ತದೆ. ಕತ್ತರಿಸಿದವನ್ನು 3 ಸೆಂ.ಮೀ. ಅಂತರದಲ್ಲಿ ಬಟರ್ ಪೇಪರ್ ಹಾಸಿದ ಟ್ರೇಯಲ್ಲಿ ಜೋಡಿಸಿ, ಟ್ರೇಯನ್ನು 15 ನಿಮಿಷ ಫ್ರೀಜರ್‌ಗೆ ಕಳಿಸಿ.

ಆ 15 ನಿಮಿಷವನ್ನು ತಪ್ಪಿಸಿದ್ದಕ್ಕೇ ನನ್ನ ನಕ್ಷತ್ರಗಳು ಮೋಡವಾದದ್ದು. ಬೆಣ್ಣೆ ಸುಮಾರು 32ರಿಂದ 35 ಡಿಗ್ರಿಯಲ್ಲೇ ಕರಗಿಬಿಡುತ್ತದೆ. ಆಕಾರವನ್ನು ಹಿಡಿದು ನಿಲ್ಲಿಸಬೇಕಾದ ಮೊಟ್ಟೆ ಬಿಗಿಯಲು 60 ಡಿಗ್ರಿಗೂ ಹೆಚ್ಚು ಬಿಸಿ ಬೇಕು. ಬೆಣ್ಣೆ ಕರಗಿದೆ, ಇನ್ನೇನೂ ಬಿಗಿದಿಲ್ಲ ಎಂಬ ಆ ನಡುವಿನ ಹೊತ್ತಿನಲ್ಲೇ ಕುಕ್ಕಿ ಹರಡುವುದು. ಹಿಟ್ಟು ಕೊರೆಯುವಷ್ಟು ತಣ್ಣಗಿದ್ದರೆ ಒಳಗಿನ ಬೆಣ್ಣೆ ಕರಗುವ ಮುಂಚೆ ಹೊರಗಿನ ಅಂಚು ಬಿಗಿದುಕೊಂಡಿರುತ್ತದೆ.

ಬೇಯಿಸುವುದು

ಓವನ್ 175 ಡಿಗ್ರಿ, ಫ್ಯಾನ್ ಇರುವುದಾದರೆ 160. ಮುಂಚೆಯೇ 20 ನಿಮಿಷ ಕಾಯಿಸಿ. ಓವನ್‌ನ ಗುಂಡಿ ತೋರಿಸುವುದಕ್ಕೂ ಒಳಗಿನ ನಿಜವಾದ ಬಿಸಿಗೂ ಸಂಬಂಧವೇ ಇಲ್ಲದಿರಬಹುದು, ಒಳಗಿಡುವ ಥರ್ಮಾಮೀಟರ್ ಒಂದಿದ್ದರೆ ಊಹಿಸುವ ಕಷ್ಟ ತಪ್ಪುತ್ತದೆ. ನಡುವಿನ ಅಂತಸ್ತು, ಒಂದು ಸಲಕ್ಕೆ ಒಂದೇ ಟ್ರೇ, 10ರಿಂದ 12 ನಿಮಿಷ.

ಗಡಿಯಾರಕ್ಕಿಂತ ಕುಕ್ಕಿಯ ಮುಖ ನೋಡಿ. ಒದ್ದೆ ಹೊಳಪು ಹೋಗಿ ಮೇಲ್ಭಾಗ ಮಂಕಾಗಬೇಕು, ಅಂಚಿನಲ್ಲಿ ಕೂದಲೆಳೆಯಷ್ಟು ಹೊಂಬಣ್ಣ ಮೂಡಿರಬೇಕು. ನಡುವೆ ಮುಟ್ಟಿದರೆ ಇನ್ನೂ ಮೆತ್ತಗಿರುತ್ತದೆ, ಹೆದರಬೇಡಿ. ಬಿಸಿ ಟ್ರೇಯ ಮೇಲೆ 5 ನಿಮಿಷ ಬಿಟ್ಟರೆ ಅಲ್ಲಿಯೇ ಬೆಂದು ಗಟ್ಟಿಯಾಗುತ್ತದೆ. ಆಮೇಲೆ ಜಾಲರಿಗೆ ವರ್ಗಾಯಿಸಿ. ಮುಂದಿನ ಸರದಿಯನ್ನು ಬಿಸಿ ಟ್ರೇಯ ಮೇಲೆ ಜೋಡಿಸಬೇಡಿ, ಇಷ್ಟು ಹೊತ್ತು ಫ್ರೀಜರ್‌ನಲ್ಲಿ ಗಳಿಸಿದ ತಂಪೆಲ್ಲ ಅರ್ಧ ನಿಮಿಷದಲ್ಲಿ ಹೋಗುತ್ತದೆ.

ಓವನ್‌ನಿಂದ ತೆಗೆದ ಮೊದಲ ಒಂದು ನಿಮಿಷ ನಿಮ್ಮದು. ಅಂಚು ಸ್ವಲ್ಪ ಸೊಟ್ಟಗಾಗಿದ್ದರೆ ಚಾಕುವಿನ ಹಿಂಬದಿಯಿಂದ ಒಳಕ್ಕೆ ತಳ್ಳಿ ನೇರ ಮಾಡಬಹುದು. ಮೇಲೆ ಉಬ್ಬಿದ್ದರೆ ಬಟರ್ ಪೇಪರ್ ಇಟ್ಟು ಚಪ್ಪಟೆ ತಳದ ಲೋಟದಿಂದ ಹಗುರವಾಗಿ ಅದುಮಿ. ತಣ್ಣಗಾದ ಮೇಲೆ ಇದನ್ನು ಮಾಡಲು ಹೋದರೆ ಎರಡು ತುಂಡು. ಐಸಿಂಗ್ ಹಾಕುವ ಮುಂಚೆ ಕನಿಷ್ಠ 2 ಗಂಟೆ ತಣಿಯಲಿ, ರಾತ್ರಿ ಕಳೆದರೆ ಇನ್ನೂ ಒಳ್ಳೆಯದು.

ರಾಯಲ್ ಐಸಿಂಗ್

ಐಸಿಂಗ್ ಶುಗರ್ 450 ಗ್ರಾಂ, ಮೆರಾಂಗ್ ಪೌಡರ್ 3 ದೊಡ್ಡ ಚಮಚ, ನೀರು 75 ಮಿ.ಲೀ., ನಿಂಬೆರಸ ಅರ್ಧ ಟೀ ಚಮಚ. ಮೆರಾಂಗ್ ಪೌಡರ್ ಎಂದರೆ ಮುಖ್ಯವಾಗಿ ಒಣಗಿಸಿದ ಮೊಟ್ಟೆಯ ಬಿಳಿಭಾಗ. ಹಸಿ ಬಿಳಿಭಾಗದಿಂದಲೂ ಮಾಡುತ್ತಾರೆ, ಆದರೆ ಈ ಐಸಿಂಗ್ ಬೇಯುವುದಿಲ್ಲವಾದ್ದರಿಂದ ಪಾಶ್ಚರೀಕರಿಸಿದ್ದು ಸಿಕ್ಕರೆ ಮಾತ್ರ ಆ ದಾರಿ ಹಿಡಿಯಿರಿ. ಮೊಟ್ಟೆಯೇ ಬೇಡವೆಂದರೆ ಐಸಿಂಗ್ ಶುಗರ್‌ಗೆ ಹಾಲು ಮತ್ತು ಸ್ವಲ್ಪ ಕಾರ್ನ್ ಸಿರಪ್ ಬೆರೆಸಿದ ಗ್ಲೇಜ್ ಇದೆ. ಹೊಳಪು ಚೆನ್ನಾಗಿರುತ್ತದೆ, ಆದರೆ ಅಷ್ಟು ಗಟ್ಟಿಯಾಗುವುದಿಲ್ಲ, ಒಂದರ ಮೇಲೊಂದು ಪೇರಿಸಿಡಲು ಬಾರದು.

ಸಕ್ಕರೆಯನ್ನು ಮನೆಯಲ್ಲೇ ಪುಡಿ ಮಾಡುವವರು ಪ್ರತಿ ಕಪ್ ಸಕ್ಕರೆಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಸೇರಿಸಿ ಅರೆದು, ತೆಳು ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿಯಬೇಕು. ಸಾಸಿವೆ ಕಾಳಿನಷ್ಟು ಹರಳು ಉಳಿದರೂ ಅರ್ಧ ಗೆರೆ ಎಳೆದಾಗ ನಾಝಲ್ (ಐಸಿಂಗ್ ಹಿಂಡುವ ಬ್ಯಾಗ್‌ನ ಮೂತಿ) ಕಟ್ಟಿಕೊಂಡು, ನೀವು ಒತ್ತಿದ ಒತ್ತಡಕ್ಕೆ ಒಮ್ಮೆಲೇ ಚಿಮ್ಮುತ್ತದೆ.

ಪಾತ್ರೆ ಮತ್ತು ಬೀಟರ್‌ನಲ್ಲಿ ಜಿಡ್ಡಿನ ಪಸೆಯೂ ಇರಬಾರದು, ಇದ್ದರೆ ಬಿಳಿಭಾಗ ನೊರೆಗಟ್ಟುವುದಿಲ್ಲ. ಪ್ಲಾಸ್ಟಿಕ್ ಬಿಟ್ಟು ಸ್ಟೀಲ್ ಅಥವಾ ಗಾಜಿನ ಪಾತ್ರೆ ತೆಗೆದುಕೊಂಡು ನಿಂಬೆ ಹೋಳಿನಿಂದ ಒರೆಸಿಬಿಡಿ. ಮೊದಲು ಮೆರಾಂಗ್ ಪೌಡರ್ ಮತ್ತು ನೀರನ್ನು ನೊರೆ ಬರುವಷ್ಟು ಕಡೆದು, ಜರಡಿ ಹಿಡಿದ ಐಸಿಂಗ್ ಶುಗರ್ ಹಾಕಿ, ಕಡಿಮೆ ವೇಗದಲ್ಲಿ 5ರಿಂದ 7 ನಿಮಿಷ. ಬೀಟರ್ ಎತ್ತಿದರೆ ಮೊನೆ ಬಾಗದೆ ನಿಲ್ಲಬೇಕು. ಒಂದು ಕಾಲುಭಾಗವನ್ನು ಈ ಗಟ್ಟಿ ಸ್ಥಿತಿಯಲ್ಲೇ ಬೇರೆ ಬಟ್ಟಲಿಗೆ ತೆಗೆದು ಮುಚ್ಚಿಡಿ, ಮುಂದೆ ನೀರು ಹೆಚ್ಚಾದಾಗ ಕೈ ಹಿಡಿಯುವುದು ಅದೇ. ಬಟ್ಟಲುಗಳ ಮೇಲೆ ಸದಾ ಒದ್ದೆ ಬಟ್ಟೆ ಇರಲಿ. ತೆರೆದಿಟ್ಟ ಐಸಿಂಗ್ ಐದೇ ನಿಮಿಷದಲ್ಲಿ ಹಕ್ಕಳೆಗಟ್ಟುತ್ತದೆ.

ಬಣ್ಣ ಬೆರೆಸುವುದು ನೀರಿಗಿಂತ ಮುಂಚೆ. ಜೆಲ್ ಬಣ್ಣವೇ ಬೇಕು, ತೆಳು ದ್ರವದ ಬಣ್ಣ ಹದವನ್ನೇ ಕೆಡಿಸುತ್ತದೆ. ಟೂತ್‌ಪಿಕ್ ತುದಿಯಲ್ಲಿ ತೆಗೆದು ಬೆರೆಸಿ, ನಿಮಗೆ ಬೇಕಾದದ್ದಕ್ಕಿಂತ ಒಂದು ಛಾಯೆ ತಿಳಿಯಾಗಿರುವಾಗಲೇ ನಿಲ್ಲಿಸಿ, ಒಣಗುತ್ತ ಗಾಢವಾಗುತ್ತದೆ. ಕಪ್ಪು ಬೇಕಿದ್ದರೆ ಬಿಳಿಯ ಬದಲು ಕಂದು ಐಸಿಂಗ್‌ನಿಂದ, ಕೆಂಪಿಗೆ ಗಾಢ ಗುಲಾಬಿಯಿಂದ ಶುರು ಮಾಡಿ. ಇಲ್ಲವಾದರೆ ಅರ್ಧ ಬಾಟಲಿ ಬಣ್ಣ ಸುರಿದು, ಬಾಯಿ ಕಹಿ ಮಾಡುವ ಐಸಿಂಗ್ ಸಿಗುತ್ತದೆ.

ಎಣಿಸಿ ನೋಡುವ ಹದ

ಈಗ ನೀರು. ಇದನ್ನು ಸುರಿಯುವುದಲ್ಲ, ಹನಿಸುವುದು. ಗಟ್ಟಿ ಐಸಿಂಗ್ ತೆಳ್ಳಗಾಗುವುದು ನಿಧಾನವಾಗಿ ಅಲ್ಲ. ಹತ್ತು ಹನಿಯವರೆಗೆ ಏನೂ ಆಗದಂತಿದ್ದು, ಹನ್ನೊಂದನೆಯದಕ್ಕೆ ಹಾಲಾಗಿಬಿಡುತ್ತದೆ. ನಾನು ಸ್ಪ್ರೇ ಬಾಟಲಿಯಿಂದ ಒಂದು ಸಲ ಒತ್ತಿ, ಕಲಸಿ, ನೋಡಿ, ಮತ್ತೆ ಒತ್ತುತ್ತೇನೆ.

ನೋಡುವ ಬಗೆ ಹೀಗೆ. ಬಟ್ಟಲಲ್ಲಿ ಐಸಿಂಗ್ ಮಟ್ಟ ಮಾಡಿ, ಚಾಕುವಿನಿಂದ ನಡುವೆ ಒಂದು ಗೀರು ಎಳೆಯಿರಿ. ಗೀರು ತುಂಬಿಕೊಂಡು ಮೇಲ್ಮೈ ಮತ್ತೆ ನಯವಾಗುವವರೆಗೆ ಸೆಕೆಂಡು ಎಣಿಸಿ. ಅಂಚಿನ ಗೆರೆ ಎಳೆಯಲು 20ರಿಂದ 25 ಬರಬೇಕು. ಒಳಗೆ ತುಂಬಲು 10ರಿಂದ 12. ಎಲ್ಲಕ್ಕೂ ಒಂದೇ ಐಸಿಂಗ್ ಸಾಕು ಎನ್ನುವ ನನ್ನಂಥ ಸೋಮಾರಿಗಳಿಗೆ 15. ಅದರಲ್ಲಿ ಗೆರೆಯೂ ನಿಲ್ಲುತ್ತದೆ, ತುಂಬಿದರೆ ಹರಿಯುತ್ತದೆ ಕೂಡ, ತೊಳೆಯಬೇಕಾದ ಬಟ್ಟಲುಗಳು ಅರ್ಧಕ್ಕರ್ಧ ಕಡಿಮೆ. 8ಕ್ಕಿಂತ ಕೆಳಗೆ ಇಳಿದರೆ ಅಂಚು ದಾಟಿ ಸುರಿಯುತ್ತದೆ. ಆಗ ತೆಗೆದಿಟ್ಟ ಗಟ್ಟಿ ಐಸಿಂಗ್ ಒಂದು ಚಮಚ ಬೆರೆಸಿ ಮತ್ತೆ ಎಣಿಸಿ.

ಹದಕ್ಕೆ ಬಂದ ಐಸಿಂಗ್ ಮುಚ್ಚಿ 15 ನಿಮಿಷ ಬಿಡಿ, ಗುಳ್ಳೆಗಳು ಮೇಲೆ ಬರುತ್ತವೆ. ಮೆಲ್ಲಗೆ ಕಲಸಿ ಒಡೆದು ಪೈಪಿಂಗ್ ಬ್ಯಾಗ್‌ಗೆ ತುಂಬಿ. ನಾಝಲ್ ಇಲ್ಲದಿದ್ದರೂ ನಡೆಯುತ್ತದೆ, ಬ್ಯಾಗ್‌ನ ತುದಿಯನ್ನು ಕತ್ತರಿಯಿಂದ 2 ಮಿ.ಮೀ.ಗಿಂತ ಕಡಿಮೆ ಕತ್ತರಿಸಿ. ದೊಡ್ಡದಾದ ತೂತನ್ನು ಚಿಕ್ಕದು ಮಾಡಲಾಗುವುದಿಲ್ಲ.

ಗೆರೆ, ತುಂಬು, ಹೃದಯ

ಹೊಸಬರು ಪೆನ್ನು ಹಿಡಿದಂತೆ ನಾಝಲ್ ಅನ್ನು ಕುಕ್ಕಿಗೆ ಒತ್ತಿ ಎಳೆಯುತ್ತಾರೆ, ಗೆರೆ ನಡುಗುತ್ತದೆ. ಬ್ಯಾಗ್‌ನ ತುದಿಯನ್ನು ಕುಕ್ಕಿಗೆ ಮುಟ್ಟಿಸಿ, ಒತ್ತುತ್ತ ಒಂದು ಸೆಂಟಿಮೀಟರ್ ಮೇಲಕ್ಕೆತ್ತಿ. ಐಸಿಂಗ್ ದಾರದಂತೆ ಗಾಳಿಯಲ್ಲಿ ತೂಗುತ್ತದೆ. ಆ ದಾರವನ್ನು ಬೇಕಾದ ಕಡೆ ಮಲಗಿಸುತ್ತ ಹೋಗಿ, ಕೊನೆಯಲ್ಲಿ ಒತ್ತುವುದನ್ನು ನಿಲ್ಲಿಸಿ ತುದಿಯನ್ನು ಕೆಳಗಿಳಿಸಿ. ಕೈ ನಡುಗಿದರೂ ದಾರ ನೇರವಾಗಿಯೇ ಬೀಳುತ್ತದೆ. ಮೊದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಹತ್ತು ಗೆರೆ ಎಳೆದು ನೋಡಿ, ಕೆರೆದು ಮತ್ತೆ ಬಟ್ಟಲಿಗೆ ಹಾಕಿಕೊಳ್ಳಬಹುದು.

ಕುಕ್ಕಿಯ ಅಂಚಿನಿಂದ 2 ಮಿ.ಮೀ. ಒಳಗೆ ಸುತ್ತುಗೆರೆ ಎಳೆಯಿರಿ. ಒಳಗೆ ಐಸಿಂಗ್ ತುಂಬಿ, ಟೂತ್‌ಪಿಕ್‌ನಿಂದ ಮೂಲೆಗಳಿಗೆ ತಳ್ಳಿ, ಕುಕ್ಕಿಯನ್ನು ಮೇಜಿನ ಮೇಲೆಯೇ ಎಡಬಲಕ್ಕೆ ಎರಡು ಸಲ ಅಲುಗಿಸಿ. ಮೇಲ್ಮೈ ತಾನಾಗಿ ನಯವಾಗುತ್ತದೆ. ಕಂಡ ಗುಳ್ಳೆಗಳನ್ನು ತಕ್ಷಣ ಚುಚ್ಚಿ, ಎರಡು ನಿಮಿಷ ಬಿಟ್ಟರೆ ಚುಚ್ಚಿದ ಗುರುತು ಉಳಿದುಬಿಡುತ್ತದೆ.

ಮೊದಲ ದಿನ ಮಾಡಲು ನಾನು ಹೇಳುವ ವಿನ್ಯಾಸ ಒಂದೇ. ಬಿಳಿ ಐಸಿಂಗ್ ತುಂಬಿ, ಅದು ಇನ್ನೂ ಹಸಿಯಾಗಿರುವಾಗಲೇ ಅದೇ ಹದದ ಕೆಂಪು ಐಸಿಂಗ್‌ನಿಂದ ಒಂದು ಸಾಲು ಚುಕ್ಕೆ ಇಡಿ, ಬಟಾಣಿಗಿಂತ ಚಿಕ್ಕದಾಗಿ. ಚುಕ್ಕೆಗಳು ಬಿಳಿಯೊಳಗೆ ಮುಳುಗಿ ಸಮತಟ್ಟಾಗುತ್ತವೆ. ಈಗ ಟೂತ್‌ಪಿಕ್ ತುದಿಯನ್ನು ಮೊದಲ ಚುಕ್ಕೆಯ ಮೇಲ್ಭಾಗದಲ್ಲಿಟ್ಟು, ಎತ್ತದೆ, ಎಲ್ಲ ಚುಕ್ಕೆಗಳ ನಟ್ಟನಡುವೆ ಒಂದೇ ಎಳೆತಕ್ಕೆ ಕೆಳಗೆ ಎಳೆಯಿರಿ. ಪ್ರತಿ ಚುಕ್ಕೆಯೂ ಮೇಲೆ ಎರಡಾಗಿ ಸೀಳಿ, ಕೆಳಗೆ ಮೊನಚಾಗಿ, ಹೃದಯವಾಗುತ್ತದೆ. ಚಿತ್ರ ಬರೆಯಲು ಬಾರದವರೂ ಮಾಡಿದಾಗ ನೋಡಿದವರು ಯಾರು ಮಾಡಿದ್ದೆಂದು ಕೇಳುತ್ತಾರೆ. ಚುಕ್ಕೆಯ ಬದಲು ಗೆರೆಗಳನ್ನಿಟ್ಟು ಅಡ್ಡಕ್ಕೆ ಎಳೆದರೆ ಗರಿಯ ವಿನ್ಯಾಸ. ಒಂದು ಕುಕ್ಕಿ ಪೂರ್ತಿ ಮುಗಿಸಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಿ. ಹತ್ತಕ್ಕೂ ಬಿಳಿ ತುಂಬಿ ಆಮೇಲೆ ಚುಕ್ಕೆಗೆ ಬಂದರೆ ಮೊದಲನೆಯದು ಅಷ್ಟರಲ್ಲಿ ಬಿಗಿದಿರುತ್ತದೆ.

ಚುಕ್ಕೆ ಉಬ್ಬಿ ನಿಲ್ಲಬೇಕಾದರೆ ಕೆಲಸ ತಿರುಗುಮುರುಗು. ತಳ ಒಂದೆರಡು ಗಂಟೆ ಒಣಗಿದ ಮೇಲೆ ದಪ್ಪ ಹದದ ಐಸಿಂಗ್‌ನಿಂದ ಇಡಿ. ಪಕ್ಕಪಕ್ಕದ ಎರಡು ಬಣ್ಣಗಳ ನಡುವೆ ಗಡಿ ಕಾಣಬೇಕಿದ್ದರೆ ಒಂದನ್ನು ತುಂಬಿ ಅರ್ಧ ಗಂಟೆ ಕಾದು ಇನ್ನೊಂದನ್ನು ತುಂಬಿ.

ಒಣಗುವಾಗ ಆಗುವ ಅನಾಹುತಗಳು

ಪೂರ್ತಿ ಒಣಗಲು 8ರಿಂದ 12 ಗಂಟೆ. ಮುಚ್ಚದೆ, ಫ್ಯಾನ್ ಗಾಳಿ ಮೇಲೆ ಹಾಯುವಂತೆ ಇಡಿ. ಬೇಗ ಬಿಗಿದ ಐಸಿಂಗ್‌ಗೆ ಹೊಳಪೂ ಹೆಚ್ಚು. ಫ್ರಿಜ್‌ನಲ್ಲಿಟ್ಟರೆ ತೇವ ಹಿಡಿದು ಅಂಟಂಟಾಗುತ್ತದೆ.

ಕಣ್ಣು, ಮೂಗಿನಂಥ ಚಿಕ್ಕ ಭಾಗಗಳು ಬೆಳಗಾಗುವಷ್ಟರಲ್ಲಿ ಕುಸಿದು ಗುಂಡಿ ಬಿದ್ದಿದ್ದರೆ ಐಸಿಂಗ್ ನೀರಾಗಿತ್ತು ಎಂದು ತಿಳಿಯಿರಿ. ಮುಂದಿನ ಸಲ ಅಲ್ಲಿಗೆ 15 ಸೆಕೆಂಡಿಗಿಂತ ದಪ್ಪ ಹದ ಬಳಸಿ, ಅಡಿಯಲ್ಲಿ ಮೊದಲು ಒಂದು ಸುರುಳಿ ಗೆರೆ ಎಳೆದು ಅದರ ಮೇಲೆ ತುಂಬಿ. ಬಿಳಿ ಮೇಲ್ಮೈಯಲ್ಲಿ ಹಳದಿ ಎಣ್ಣೆ ಕಲೆಗಳು ಮೂಡಿದರೆ ಕುಕ್ಕಿಯ ಬೆಣ್ಣೆ ಮೇಲೇರಿದೆ. ಕುಕ್ಕಿ ಸರಿಯಾಗಿ ಬೇಯದಿದ್ದಾಗ, ತಣಿಯದಿದ್ದಾಗ ಅಥವಾ ಐಸಿಂಗ್ ತೀರ ತೆಳುವಾದಾಗ ಹೀಗಾಗುತ್ತದೆ. ಹಾಗಾದದ್ದನ್ನು ಸರಿಪಡಿಸಲಾಗುವುದಿಲ್ಲ, ತಿನ್ನಬಹುದು.

ಬಣ್ಣ ಹರಿಯುವುದು ಇನ್ನೊಂದು. ತೇವ ತುಂಬಿದ ಒಂದು ರಾತ್ರಿ ನಾನು ಬಿಳಿ ಮುಖಗಳ ಮೇಲೆ ಕಪ್ಪು ಮೀಸೆ ಬರೆದು ಮಲಗಿದೆ, ಬೆಳಿಗ್ಗೆ ಎದ್ದು ನೋಡಿದರೆ ಎಲ್ಲರಿಗೂ ಬೂದು ಗಡ್ಡ. ತಳ ರಾತ್ರಿಯಿಡೀ ಒಣಗಿದ ಮೇಲೆಯೇ ಗಾಢ ಬಣ್ಣ ಮುಟ್ಟಬೇಕೆಂಬುದು ಆ ಗಡ್ಡಗಳಿಂದ ಕಲಿತದ್ದು.

ಎತ್ತಿಡುವುದು

ಒಣಗಿದ ಕುಕ್ಕಿಗಳನ್ನು ಪದರಗಳ ನಡುವೆ ಬಟರ್ ಪೇಪರ್ ಇಟ್ಟು ಗಾಳಿಯಾಡದ ಡಬ್ಬಿಯಲ್ಲಿಡಿ, ಎರಡು ವಾರ ಚೆನ್ನಾಗಿರುತ್ತವೆ. ಐಸಿಂಗ್ ಹಾಕದವನ್ನು ಫ್ರೀಜರ್‌ನಲ್ಲಿ 3 ತಿಂಗಳು ಇಡಬಹುದು. ಅಲಂಕರಿಸಿದವನ್ನೂ ಇಡಬಹುದು, ಆದರೆ ಹೊರತೆಗೆದಾಗ ಮುಚ್ಚಳ ತೆಗೆಯದೆ ಡಬ್ಬಿಯನ್ನು ಕೆಲವು ಗಂಟೆ ಹಾಗೆಯೇ ಬಿಡಿ. ಹನಿಗಳು ಡಬ್ಬಿಯ ಹೊರಮೈ ಮೇಲೆ ಕೂರುತ್ತವೆ. ಆತುರಪಟ್ಟು ತೆರೆದರೆ ಅವೇ ಹನಿಗಳು ಐಸಿಂಗ್ ಮೇಲೆ ಕೂತು, ನಿನ್ನೆ ಎಳೆದ ಹೃದಯಗಳೆಲ್ಲ ಮತ್ತೆ ಚುಕ್ಕೆಯಾಗುತ್ತವೆ.